ಜೀಪಿನ ಡಿಫರೆನ್ಷಿಯಲ್ ಕೂರಿಸಿದ ದಿನಗಳು

ಮೊನ್ನೆ ವಿರಾಜಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಸುಮ್ಮನೆ ನಿಂತಿದ್ದೆ. ಒಂದು ಜೀಪಿನ ಹಿಂದಿನ ಆಕ್ಸಲ್ ಸದ್ದು ಮಾಡುತ್ತಿತ್ತು. ಹೊಸದಾಗಿ ಸೇರಿದ ಕೆಲಸಗಾರ ಹಳೆಯ ಡಿಫರೆನ್ಷಿಯಲನ್ನು ಇಡಿಯಾಗಿ ಇಳಿಸಿದ, ಪೆಟ್ಟಿಗೆಯಿಂದ ಹೊಸದನ್ನು ಇಡಿಯಾಗಿ ತೆಗೆದು ಕೂರಿಸಿ ಬೋಲ್ಟು ಬಿಗಿದ. ಮಧ್ಯಾಹ್ನದ ಊಟಕ್ಕೆ ಮೊದಲೇ ಜೀಪು ಹೊರಟುಹೋಯಿತು. ಹಳೆಯದರಲ್ಲಿ ಏನು ಕೆಟ್ಟಿತ್ತು ಎಂದು ಕೇಳಿದೆ.

“ಗೊತ್ತಿಲ್ಲ ಸಾರ್. ಅದು ಗುಜರಿಗೆ ಹೋಗ್ತದೆ” ಎಂದ.

ಅವನನ್ನು ದೂರುವುದಿಲ್ಲ. ಅವನಿಗೆ ಸಿಕ್ಕಿರುವ ಸೌಕರ್ಯ ನನಗೆ ಸಿಕ್ಕಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ. ಆದರೆ ಆ ಕಬ್ಬಿಣದ ಗುಂಡಿನ ಒಳಗೆ ನಾನು ನನ್ನ ದುಡಿಮೆಯ ಹೆಚ್ಚಿನ ವರ್ಷಗಳನ್ನು ಕಳೆದಿದ್ದೇನೆ. ಅಲ್ಲಿ ಏನಿದೆ ಎಂದು ನಿಂತ ನಿಲುವಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮದು ಕುಶಾಲನಗರದ ಹತ್ತಿರ ಬೇಸಾಯದ ಮನೆ. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದವರು. ಹೊಲದ ಕೆಲಸಕ್ಕೆ ಮನೆಯಲ್ಲಿ ಸಾಕಷ್ಟು ಕೈಗಳಿದ್ದವು, ನನಗೆ ಯಂತ್ರದ ಹುಚ್ಚಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಎಸ್ಟೇಟುಗಳಿಗೆ ಒಂದರ ಹಿಂದೆ ಒಂದು ಜೀಪು ಬರುತ್ತಿದ್ದ ಕಾಲ. ನಾನು ಮೈಸೂರಿನಲ್ಲಿ ಮೂರು ವರ್ಷ ಲಾರಿ ರಿಪೇರಿ ಕಲಿತು, ಇನ್ನು ಕಲಿಯುವುದು ಏನೂ ಉಳಿದಿಲ್ಲ ಎಂದುಕೊಂಡು, ಬಿಟ್ಟಂಗಾಲದಲ್ಲಿದ್ದ ಕುಂಞಾಲಿ ಮೇಸ್ತ್ರಿಯ ಶೆಡ್ಡಿಗೆ ಕೆಲಸ ಕೇಳಿಕೊಂಡು ಬಂದೆ.

ಮೇಸ್ತ್ರಿ ತಲಶ್ಶೇರಿಯವರು, ಹುಡುಗರನ್ನೆಲ್ಲ ‘ಮೋನೆ’, ಅಂದರೆ ಮಗನೇ, ಎಂದು ಕರೆಯುವವರು. ತೆಳ್ಳಗಿನ ಆಳು, ತಲೆಗೆ ಯಾವಾಗಲೂ ಒಂದು ಟವೆಲ್. ಡಿಫರೆನ್ಷಿಯಲ್ ಎಂಬ ಉದ್ದದ ಹೆಸರು ಅವರ ಶೆಡ್ಡಿನಲ್ಲಿ ನಡೆಯುತ್ತಿರಲಿಲ್ಲ. ಅದರ ಆಕಾರ ನೋಡಿ ‘ಗುಂಡು’ ಎನ್ನುತ್ತಿದ್ದರು. ಮೊದಲ ದಿನ ಅವರು ನನ್ನ ಸರ್ಟಿಫಿಕೇಟು ಕೇಳಲಿಲ್ಲ. ಒಂದು ಜೀಪಿನ ಹಿಂಭಾಗವನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿ, “ಆ ಚಕ್ರ ತಿರುಗಿಸು” ಎಂದರು. ತಿರುಗಿಸಿದೆ. ಆಚೆಯ ಚಕ್ರ ಹಿಮ್ಮುಖವಾಗಿ ತಿರುಗಿತು.

“ಯಾಕೆ?”

ನಾನು ಪುಸ್ತಕದ ಉತ್ತರ ಹೇಳಿದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಒಂದು ಚಕ್ರ ರಸ್ತೆಯ ಮೇಲೆ ಎಳೆದಾಡಲೇಬೇಕು. ಅದಕ್ಕಾಗಿ ನಡುವೆ ಗುಂಡು ಇದೆ. ಎಂಜಿನ್ನಿನ ಕಡೆಯಿಂದ ಬರುವ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿ, ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಕ್ರೌನಿನ ಹೊಟ್ಟೆಯೊಳಗಿನ ನಾಲ್ಕು ಪುಟ್ಟ ಗೇರುಗಳು ಆ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುತ್ತವೆ.

“ಹಂಚ್ತದೆ ಅಂತ ಯಾರು ಹೇಳಿದ್ದು?” ಮೇಸ್ತ್ರಿ ಒಂದು ಚಕ್ರವನ್ನು ನೆಲಕ್ಕೆ ಇಳಿಸಿ ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿದರು. ನೆಲದ ಮೇಲಿದ್ದ ಚಕ್ರ ಅಲ್ಲಾಡಲಿಲ್ಲ. ಗಾಳಿಯಲ್ಲಿದ್ದದ್ದು ಗಿರಗಿರನೆ ತಿರುಗಿತು. “ನೋಡು ಮೋನೆ, ಇದಕ್ಕೆ ನ್ಯಾಯ ಗೊತ್ತಿಲ್ಲ. ಯಾವ ಚಕ್ರಕ್ಕೆ ಕೆಲಸ ಇಲ್ಲವೋ ಅದಕ್ಕೇ ಎಲ್ಲ ಕೊಡ್ತದೆ. ಕೆಸರಲ್ಲಿ ನಮ್ಮ ಗತಿ ಇದೇ.”

ಕೊಡಗಿನ ಎಸ್ಟೇಟು ದಾರಿಗಳಲ್ಲಿ ಜೀಪು ಯಾಕೆ ಹೂತುಕೊಳ್ಳುತ್ತದೆ ಎಂಬುದು ನನಗೆ ಅರ್ಥವಾದದ್ದು ಆ ದಿನ. ಮೈಸೂರಿನ ಮೂರು ವರ್ಷದಲ್ಲಿ ಅದನ್ನು ಯಾರೂ ತೋರಿಸಿರಲಿಲ್ಲ.

ಗುಂಡು ಬಿಚ್ಚುವುದು ಸುಲಭ, ಕೂರಿಸುವುದರಲ್ಲೇ ಎಲ್ಲ ಇರುವುದು. ಕೆಂಪು ಸೀಸದ ಹುಡಿಯನ್ನು ಎಣ್ಣೆಯಲ್ಲಿ ಕಲಸಿ ಕ್ರೌನಿನ ಹಲ್ಲುಗಳಿಗೆ ತೆಳ್ಳಗೆ ಹಚ್ಚಬೇಕು. ಪಿನಿಯನ್ ಸೇರಿಸಿ ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿದರೆ, ಹಲ್ಲಿಗೆ ಹಲ್ಲು ತಾಗಿದ ಜಾಗದಲ್ಲಿ ಬಣ್ಣ ಒರೆಸಿಹೋಗಿ ಒಂದು ಗುರುತು ಬೀಳುತ್ತದೆ. ಗುರುತು ಹಲ್ಲಿನ ನಟ್ಟನಡುವೆ ಬಿದ್ದರೆ ಸರಿ. ತುದಿಗೆ ಏರಿದ್ದರೆ ಪಿನಿಯನ್ ದೂರವಾಯಿತು, ಬುಡಕ್ಕೆ ಇಳಿದಿದ್ದರೆ ಹತ್ತಿರವಾಯಿತು. ಆಗ ಕಾಗದಕ್ಕಿಂತ ತೆಳುವಾದ ಶಿಮ್ ಎಂಬ ಉಕ್ಕಿನ ಬಳೆಗಳನ್ನು ಸೇರಿಸಿ, ತೆಗೆದು, ಮತ್ತೆ ಬಣ್ಣ ಹಚ್ಚಿ ನೋಡಬೇಕು. ಒಂದು ಗುಂಡಿಗೆ ಹತ್ತು ಸಲ, ಹದಿನೈದು ಸಲ. ಮೇಸ್ತ್ರಿ ಹಳೆಯ ಶಿಮ್ಮುಗಳನ್ನೆಲ್ಲ ತಂತಿಗೆ ಪೋಣಿಸಿ ಗೋಡೆಗೆ ತೂಗುಹಾಕಿದ್ದರು. ದಪ್ಪ ನೋಡಲು ಅವರಿಗೆ ಅಳತೆ ಬೇಕಿರಲಿಲ್ಲ. ಬೆರಳಿನಲ್ಲಿ ಉಜ್ಜಿ ಆರಿಸುತ್ತಿದ್ದರು.

ಹಲ್ಲುಗಳ ನಡುವೆ ಒಂದಿಷ್ಟು ಸಡಿಲವೂ ಇರಬೇಕು, ಇಲ್ಲದಿದ್ದರೆ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ. ಆ ಸಡಿಲವನ್ನೂ ಮೇಸ್ತ್ರಿ ಕೈಯಲ್ಲೇ ನೋಡುತ್ತಿದ್ದರು. ಮುಂದೆ, ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಅಳಿಯ ಆ ಸಡಿಲವನ್ನು ಮುಳ್ಳಿನಲ್ಲಿ ಅಳೆದು ತೋರಿಸುವ ಒಂದು ಡಯಲ್ ಗೇಜು ತಂದುಕೊಟ್ಟ. ಮೇಸ್ತ್ರಿ ಕೈಯಂದಾಜಿನಲ್ಲಿ ಕೂರಿಸಿದ ಮೂರು ಗುಂಡುಗಳಿಗೆ ನಾನು ಗೇಜು ಇಟ್ಟು ನೋಡಿದೆ. ಮೂರರಲ್ಲೂ ಇಂಚಿನ ಸಾವಿರದಲ್ಲಿ ಆರು ಪಾಲು. ಇನ್ನು ಇದರ ಅಗತ್ಯವಿಲ್ಲ ಎಂದು ನಗುತ್ತಾ ಪೆಟ್ಟಿಗೆಗೆ ಹಾಕಿಟ್ಟೆ. ಕೆಲವು ವರ್ಷಗಳಾದ ಮೇಲೆ ಒಂದು ದಿನ ಮೇಸ್ತ್ರಿಯೇ ಆ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. “ನೀನೇ ಇಟ್ಟು ಹೇಳು. ನನ್ನ ಬೆರಳಿಗೆ ಈಗ ಗೊತ್ತಾಗ್ತಾ ಇಲ್ಲ” ಎಂದರು. ಅವತ್ತಿನಿಂದ ಗೇಜು ಗೋಡೆಯ ಮೊಳೆಗೆ ಬಂತು. ಯಂತ್ರ ಬಂದಾಗ ಕೈ ಹಾಳಾಗುತ್ತದೆ ಎಂದು ಹೇಳುವವರಿದ್ದಾರೆ. ಕೈ ಹೇಗೂ ಒಂದು ದಿನ ಸೋಲುತ್ತದೆ. ಗೇಜು ಇಟ್ಟುಕೊಳ್ಳಿ, ಜೊತೆಗೆ ಕೈಯಲ್ಲೂ ಒಮ್ಮೆ ನೋಡಿ.

ನಾನು ಸೇರಿದ ಎರಡನೆಯ ವರ್ಷ ಮುತ್ತವ್ವ ಅವರ ಜೀಪು ನಮ್ಮ ಶೆಡ್ಡಿಗೆ ಬಂತು. ಪೊನ್ನಂಪೇಟೆಯ ಹತ್ತಿರ ಅವರ ಕಾಫಿ ತೋಟ. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನಡೆಸುತ್ತಿದ್ದರು, ಜೀಪನ್ನೂ ತಾವೇ ಓಡಿಸುತ್ತಿದ್ದರು. ಸೀರೆಯ ಮೇಲೆ ಗಂಡನ ಹಳೆಯ ಕೋಟು ಹಾಕಿಕೊಂಡು ಸ್ಟೇರಿಂಗ್ ಹಿಡಿದ ಅವರನ್ನು ನೋಡಲು ಬಿಟ್ಟಂಗಾಲದ ಅಂಗಡಿಗಳವರು ಹೊರಗೆ ಬರುತ್ತಿದ್ದರು. ಅವರು ಯಾರನ್ನೂ ನೋಡುತ್ತಿರಲಿಲ್ಲ.

“ಈ ಜೀಪು ತಗೊಂಡಾಗ ಬೆಕ್ಕಿನ ಹಾಗೆ ಇತ್ತು” ಎಂದರು ಮೇಸ್ತ್ರಿಗೆ. “ಮೊನ್ನೆ ಗುಂಡಿನ ಎಣ್ಣೆ ಬದಲಾಯಿಸಿದೆ. ಈಗ ರೈಸ್ ಮಿಲ್ಲು. ಎಂತ ಕಥೆ ಇದು?”

ಮೇಸ್ತ್ರಿ ಬದಲಾಯಿಸಿದ ಎಣ್ಣೆಯನ್ನು ನೋಡಬೇಕೆಂದರು. ಪುಣ್ಯಕ್ಕೆ ಅದು ಇನ್ನೂ ಡಬ್ಬಿಯಲ್ಲಿತ್ತು. ಬೆರಳು ಅದ್ದಿ ಎತ್ತಿದರೆ ಮರದ ಹುಡಿ, ಬಾಳೆಯ ನಾರು. ಮಾರಿದವರು ಯಾರೋ ಸವೆದ ಹಲ್ಲುಗಳ ಸದ್ದು ಅಡಗಿಸಲು ಒಳಗೆ ಅದನ್ನೆಲ್ಲ ತುಂಬಿದ್ದರು. ಬಿಚ್ಚಿ ನೋಡಿದರೆ ಕ್ರೌನಿನ ಎರಡು ಹಲ್ಲು ಅರ್ಧಕ್ಕೆ ಹಾರಿಹೋಗಿದ್ದವು. ನಾನು ನಕ್ಕುಬಿಟ್ಟೆ. ಮುತ್ತವ್ವ ನಗಲಿಲ್ಲ. ಕೋಟಿನ ತೋಳು ಮಡಚಿ ಬಗ್ಗಿ ಒಳಗೆ ನೋಡಿದರು.

“ನಂಗೆ ಎಲ್ಲ ತೋರಿಸು. ಇನ್ನೊಂದು ಸಲ ಯಾರೂ ನಂಗೆ ಬಾಳೆನಾರು ಮಾರಬಾರದು.”

ನಾನು ಒಂದೊಂದೇ ತೆಗೆದು ತೋರಿಸಿದೆ. ಅವರು ಕೇಳಿದಷ್ಟು ಪ್ರಶ್ನೆಗಳನ್ನು ಮುಂದೆ ನನ್ನ ಕೈಕೆಳಗೆ ಕಲಿತ ಯಾವ ಗಂಡಸೂ ಕೇಳಲಿಲ್ಲ.

ಹೊಸ ಕ್ರೌನು, ಪಿನಿಯನ್ನು ಬೇಕಿತ್ತು. ಅದೇ ಸಮಯಕ್ಕೆ ಮೇಸ್ತ್ರಿ ಮಗಳ ಮದುವೆಗೆಂದು ತಲಶ್ಶೇರಿಗೆ ಹೋದರು. ನಾನು ಮೈಸೂರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಹುಡುಕಿ, ಅದೇ ಕಂಪನಿಯ ಒಂದು ಸ್ಟೇಷನ್ ವ್ಯಾಗನ್ನಿನಿಂದ ಬಿಚ್ಚಿದ ಜೋಡಿಯನ್ನು ತಂದೆ. ಪಿನಿಯನ್ನಿನ ಹಲ್ಲು ಎಣಿಸಿದೆ. ನಮ್ಮದರಲ್ಲಿ ಎಂಟು, ಇದರಲ್ಲೂ ಎಂಟು. ಕ್ರೌನು ಗಾತ್ರದಲ್ಲಿ ಒಂದೇ. ಬೋಲ್ಟಿನ ತೂತುಗಳು ಹೊಂದಿದವು. ಬಣ್ಣ ಹಚ್ಚಿ ಗುರುತು ನೋಡಿ ಎರಡು ದಿನದಲ್ಲಿ ಕೂರಿಸಿದೆ. ಮೇಸ್ತ್ರಿಯಿಲ್ಲದೆ ಮಾಡಿದ ಮೊದಲ ಗುಂಡು ಅದು. ಸದ್ದೇ ಇರಲಿಲ್ಲ. ನನ್ನ ಎದೆ ಎರಡು ಇಂಚು ಉಬ್ಬಿತ್ತು.

ವಾರದೊಳಗೆ ಮುತ್ತವ್ವ ಮತ್ತೆ ಬಂದರು. ಸದ್ದಿಲ್ಲ, ನಿಜ. ಆದರೆ ತೋಟದ ಏರಿನಲ್ಲಿ ಎಳೆತ ಕಡಿಮೆ. ನಾಲ್ಕೂ ಚಕ್ರದ ಗೇರು ಹಾಕಿದರೆ ಜೀಪು ಬ್ರೇಕು ಹಿಡಿದ ಹಾಗೆ ಒದ್ದಾಡುತ್ತದೆ, ಆಮೇಲೆ ಆ ಲಿವರ್ ಹಿಂದಕ್ಕೆ ಬರುವುದಿಲ್ಲ.

“ಎಂಜಿನ್ ಟ್ಯೂನಿಂಗ್ ಇರಬೇಕು ಅಮ್ಮಾವ್ರೆ” ಎಂದೆ. “ಕಾರ್ಬುರೇಟರ್ ತೊಳ್ದು ಕೊಡ್ತೀನಿ.”

“ಎಂಜಿನ್ ಸರಿ ಉಂಟು. ಮುಂದಿನ ಚಕ್ರ ಒಂದು ಹೇಳ್ತದೆ, ಹಿಂದಿನದು ಇನ್ನೊಂದು ಹೇಳ್ತದೆ. ನಡುವೆ ಇರುವವಳು ನಾನು, ನಂಗೆ ಗೊತ್ತಾಗ್ತದೆ.”

ನಾನು ಕಾರ್ಬುರೇಟರನ್ನೇ ತೊಳೆದು ಕಳಿಸಿದೆ. ಮೂರು ದಿನಕ್ಕೆ ನಾಲ್ಕು ಚಕ್ರಗಳಿಗೂ ಶಕ್ತಿ ಹಂಚುವ ನಡುವಿನ ಗೇರುಪೆಟ್ಟಿಗೆ ಒಡೆಯಿತು. ಜೀಪನ್ನು ಎತ್ತಿನ ಗಾಡಿಗೆ ಕಟ್ಟಿ ಎಳೆಸಿಕೊಂಡು ತಂದರು. ಆ ಹೊತ್ತಿಗೆ ಮೇಸ್ತ್ರಿ ಹಿಂದಿರುಗಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

“ಕ್ರೌನಿನಲ್ಲಿ ಎಷ್ಟು ಹಲ್ಲು?”

ನಾನು ಎಣಿಸಿರಲಿಲ್ಲ. ಪಿನಿಯನ್ ಹೊಂದಿದ ಮೇಲೆ ಕ್ರೌನು ಎಣಿಸುವುದೇಕೆ ಎಂದುಕೊಂಡಿದ್ದೆ. ಮೇಸ್ತ್ರಿ ಸೀಮೆಸುಣ್ಣ ನನ್ನ ಕೈಗೆ ಕೊಟ್ಟು ಅಲ್ಲೇ ಕೂತರು. ಒಂದು ಹಲ್ಲಿಗೆ ಗುರುತು ಹಾಕಿ ಎಣಿಸಿದೆ. ಮೂವತ್ತೊಂಬತ್ತು. ಹಳೆಯ ಮುರಿದ ಕ್ರೌನು ಎಣಿಸಿದೆ. ನಲವತ್ತಮೂರು. ಮುಂದಿನ ಚಕ್ರಗಳ ನಡುವೆಯೂ ಜೀಪಿಗೆ ಒಂದು ಗುಂಡು ಇದೆ. ಅದರಲ್ಲಿ ನಲವತ್ತಮೂರು, ಹಿಂದಿನದರಲ್ಲಿ ಈಗ ಮೂವತ್ತೊಂಬತ್ತು. ನಾಲ್ಕು ಚಕ್ರ ಒಟ್ಟಿಗೆ ಓಡಬೇಕಾದಾಗ ಹಿಂದಿನವು ಮುಂದಿನವನ್ನು ತಳ್ಳುತ್ತಿದ್ದವು, ಮುಂದಿನವು ತಡೆಯುತ್ತಿದ್ದವು. ಆ ಜಗಳದಲ್ಲಿ ನಡುವಿನ ಪೆಟ್ಟಿಗೆ ಸತ್ತಿತ್ತು. ಮುತ್ತವ್ವ ಜೀಪಿನ ಸೀಟಿನಲ್ಲಿ ಕೂತೇ ಅದನ್ನು ಸರಿಯಾಗಿ ಹೇಳಿದ್ದರು. ನಾನು ಅವರಿಗೆ ಕಾರ್ಬುರೇಟರಿನ ಮಾತು ಹೇಳಿದ್ದೆ.

“ಪೊನ್ನಂಪೇಟೆಗೆ ನೀನೇ ಹೋಗು. ನೀನೇ ಹೇಳು” ಎಂದರು ಮೇಸ್ತ್ರಿ.

ಹೋಗಿ ಅವರ ಕಣದಲ್ಲಿ ನಿಂತು ಹೇಳಿದೆ. ಕಾಫಿ ಒಣಗಿಸುತ್ತಿದ್ದ ಹೆಂಗಸರು ಕೇಳಿಸಿಕೊಳ್ಳುತ್ತಿದ್ದರು. “ಹಲ್ಲು ಎಣಿಸ್ದೆ ಕೂರಿಸ್ಬಿಟ್ಟೆ ಅಮ್ಮಾವ್ರೆ. ನೀವು ಹೇಳಿದ್ದೇ ಸರಿ. ತಪ್ಪು ನಂದು.”

ಮುತ್ತವ್ವ “ಎಷ್ಟು ಹಲ್ಲು ಬೇಕಿತ್ತು?” ಎಂದು ಕೇಳಿದರು. ಹೇಳಿದೆ. “ಹಾಗಾದರೆ ಅದನ್ನೇ ಹುಡುಕು. ತಪ್ಪು ಮಾಡಿದವನೇ ಸರಿ ಮಾಡಿದರೆ ನೆನಪಿರ್ತದೆ.”

ಹುಡುಕಿ ತಂದೆ, ಸರಿ ಮಾಡಿದೆ. ಆಮೇಲೆ ನಾನು ನಿವೃತ್ತನಾಗುವವರೆಗೆ ಹಲ್ಲು ಎಣಿಸದೆ ಒಂದು ಗುಂಡನ್ನೂ ಮುಟ್ಟಿಲ್ಲ. ಎರಡು ಸಲ ಎಣಿಸುತ್ತಿದ್ದೆ, ಎರಡನೆಯ ಸಲ ಬೇರೆ ಹಲ್ಲಿನಿಂದ ಶುರುಮಾಡಿ.

ಇದು ಚಿಕ್ಕ ತಪ್ಪು. ದೊಡ್ಡದು ಮುಂದೆ ಆಯಿತು. ಅದು ತಪ್ಪು ಎಂದು ಗೊತ್ತಾಗುವ ಮೊದಲು ನನಗೆ ಅದರಿಂದ ಹೆಸರು ಬಂದಿತ್ತು.

ಮುತ್ತವ್ವ ಅವರಿಗೆ ಮಾಕುಟ್ಟದ ಕಾಡಿನ ಅಂಚಿನಲ್ಲಿ ಒಂದು ಏಲಕ್ಕಿ ಮಲೆಯೂ ಇತ್ತು. ಅಲ್ಲಿಗೆ ಜೀಪು ಓಡಿಸುತ್ತಿದ್ದವನು ಐತಪ್ಪ. ಪುತ್ತೂರಿನ ಕಡೆಯವನು, ಮನೆಯಲ್ಲಿ ತುಳು, ನಮ್ಮೊಡನೆ ಕನ್ನಡ. ಮಳೆಗಾಲದಲ್ಲೂ ಮಲೆಯ ಮೇಲಿನ ಲೈನು ಮನೆಗಳಲ್ಲಿ ಇಪ್ಪತ್ತು ಮೂವತ್ತು ಜನ ಕೆಲಸಗಾರರು ಇರುತ್ತಿದ್ದರು. ಅವರ ಅಕ್ಕಿ, ಔಷಧಿ ಎಲ್ಲ ಕೆಳಗಿನಿಂದ ಹೋಗಬೇಕು. ಟಾರು ರಸ್ತೆ ಬಿಟ್ಟು ಮೂರು ಮೈಲಿ ಕೆಂಪು ಜೇಡಿಯ ಏರು. ಆ ವರ್ಷ ಆಷಾಢದ ಮಳೆ ಬಿಡುವೇ ಕೊಡಲಿಲ್ಲ. ದಾರಿಯಲ್ಲಿ ಒಂದು ಕಡೆ ನೆಲವೆಲ್ಲ ಬೆಣ್ಣೆಯಂತಾಗಿ, ನಾಲ್ಕು ಚಕ್ರದ ಗೇರು ಹಾಕಿದರೂ ಜೀಪಿನ ಮುಂದೊಂದು ಹಿಂದೊಂದು ಚಕ್ರ ಗಿರಗಿರ ತಿರುಗುವುದು, ಅವುಗಳ ಜೋಡಿ ಸುಮ್ಮನೆ ನಿಲ್ಲುವುದು. ಚಕ್ರಕ್ಕೆ ಸುತ್ತಿದ ಸರಪಣಿಯೂ ಕಡಿದುಹೋಗಿತ್ತು. ತಲೆಹೊರೆಯಲ್ಲಿ ಒಯ್ಯೋಣವೆಂದರೆ ನಡುವಿನ ತೋಡು ತುಂಬಿ, ಜೀಪು ದಾಟಬಹುದೇ ಹೊರತು ನಡೆದು ದಾಟುವಂತಿರಲಿಲ್ಲ.

“ನಾಲ್ಕು ದಿನ ಆಯ್ತು, ಮೇಲೆ ಅಕ್ಕಿ ಹೋಗಿಲ್ಲ” ಎಂದರು ಮುತ್ತವ್ವ ಶೆಡ್ಡಿಗೆ ಬಂದು. ಅವರ ಕೋಟು ನೆನೆದು ನೀರು ಸುರಿಯುತ್ತಿತ್ತು. “ಇಬ್ಬರಿಗೆ ಜ್ವರ ಅಂತ ಮೊದಲೇ ಸುದ್ದಿ ಬಂದಿತ್ತು. ಎಂತ ಮಾಡುವುದು ಹೇಳಿ.”

ನಾನು ತಡಮಾಡದೆ ಹೇಳಿದೆ. “ಒಳಗಿನ ನಾಲ್ಕು ಗೇರಿಗೂ ವೆಲ್ಡ್ ಮಾಡ್ಬಿಟ್ರೆ ಎರಡು ಚಕ್ರನೂ ಒಂದೇ ಸಮ ತಿರುಗ್ತವೆ. ಹತ್ತೇ ಹತ್ತುತ್ತೆ.”

ಮೇಸ್ತ್ರಿ ತಲೆಯ ಟವೆಲ್ ತೆಗೆದು ಕೊಡವಿದರು. “ಹತ್ತುತ್ತದೆ ಅಂತ ನಂಗೂ ಗೊತ್ತು. ಇಳಿದು ಟಾರು ರಸ್ತೆಗೆ ಬಂದ ಮೇಲೆ? ತಿರುವಿನಲ್ಲಿ ಆ ಆಕ್ಸಲ್ ತಿರುಚಿಕೊಳ್ಳುತ್ತದಲ್ಲ, ಅದಕ್ಕೆ ಎಂತ ಮಾಡ್ತೀಯ?”

“ಮಳೆ ನಿಂತ ಮೇಲೆ ತೆಗೆದ್ಬಿಡ್ತೀನಿ ಮೇಸ್ತ್ರಿ. ಬೇರೆ ಗುಂಡಿಗೆ ವೆಲ್ಡ್ ಮಾಡ್ತೀನಿ. ಇವರ ಅಸಲು ಗುಂಡು ಹಾಗೇ ಇರ್ತದೆ. ಮಳೆಗಾಲಕ್ಕೆ ಇದು, ಬೇಸಗೆಗೆ ಅದು.”

ಅವರು ಮುತ್ತವ್ವನ ಮುಖ ನೋಡಿದರು, ಮಳೆ ನೋಡಿದರು. “ಶರಿ. ಆದರೆ ತೆಗೆಯುವ ದಿನ ನೀನೇ ನೆನಪಿಟ್ಟುಕೋ.”

ಮರುದಿನ ಮಧ್ಯಾಹ್ನ ಐತಪ್ಪನ ಪಕ್ಕ ನಾನೂ ಕೂತೆ. ಹಿಂದೆ ಅಕ್ಕಿಮೂಟೆ. ಬೆಣ್ಣೆಯಂಥ ಆ ಜಾಗ ಬಂದಾಗ ಐತಪ್ಪ ಒಮ್ಮೆ ನನ್ನ ಕಡೆ ನೋಡಿದ. “ದೇವರು ಉಂಟಲ್ಲ” ಎಂದು ಗೇರು ಹಾಕಿದ. ಹಿಂದಿನ ಎರಡೂ ಚಕ್ರಗಳು ಒಟ್ಟಿಗೆ ಕಚ್ಚಿದವು. ಜೀಪು ಅಡ್ಡಕ್ಕೆ ಸರಿಯಿತು, ಮತ್ತೆ ನೆಟ್ಟಗಾಯಿತು, ಕೆಸರನ್ನು ಎರಡೂ ಕಡೆಗೆ ಎರಚುತ್ತಾ ಹತ್ತುತ್ತಲೇ ಹೋಯಿತು. ಮೇಲೆ ಲೈನಿನ ಮುಂದೆ ನಿಂತಾಗ ಜನ ಓಡಿ ಬಂದರು. ಒಬ್ಬ ಮುದುಕಿ ಮೂಟೆಗಳನ್ನೆಲ್ಲ ಮುಟ್ಟಿ ನೋಡಿ, “ಉಪ್ಪು?” ಎಂದು ಕೇಳಿದಳು. ನಾವು ಉಪ್ಪು ತಂದಿರಲಿಲ್ಲ. ಜ್ವರದವರಿಬ್ಬರನ್ನು ಕೆಳಗೆ ಕರೆತಂದು, ಮರುದಿನ ಬರೀ ಉಪ್ಪಿಗಾಗಿ ಮತ್ತೊಮ್ಮೆ ಹತ್ತಿದೆವು. ಅದೂ ಹತ್ತಿತು.

ಸುದ್ದಿ ಹಬ್ಬಿತು. ನನ್ನನ್ನು ಹುಡುಕಿಕೊಂಡು ಜನ ಬಂದರು. “ವೆಲ್ಡಿಂಗ್ ನಂಜುಂಡ ಯಾರು?” ಎಂದು ಕೇಳುವರು. ಇನ್ನೂ ಎರಡು ಎಸ್ಟೇಟಿನವರಿಗೆ ಮಾಡಿಕೊಟ್ಟೆ. ಮಳೆ ನಿಂತಿತು. ಮುತ್ತವ್ವನ ಅಸಲು ಗುಂಡು ಎಣ್ಣೆಬಟ್ಟೆಯಲ್ಲಿ ಸುತ್ತಿ ನಮ್ಮ ಶೆಡ್ಡಿನ ಅಟ್ಟದಲ್ಲಿತ್ತು. ಐತಪ್ಪ ಒಮ್ಮೆ ಬಂದು, “ಟಯರ್ ತಿಂತಾ ಉಂಟು ಮಾರಾಯ್ರೆ. ತಿರುವಿನಲ್ಲಿ ಕಟಕಟ ಹೇಳ್ತದೆ. ಬದಲಾಯಿಸುವ ಅಲ್ವಾ?” ಎಂದ.

“ಮುಂದಿನ ವಾರ ತಗೊಂಡ್ಬಾ” ಎಂದೆ. ಮುಂದಿನ ವಾರ ಬಂದಾಗ ಅದರ ಮುಂದಿನ ವಾರ ಎಂದೆ.

ಕೆಲಸ ಹೆಚ್ಚಿತ್ತು ಎಂದು ಆಗ ಹೇಳಿಕೊಂಡೆ. ನಿಜ ಸಂಗತಿ ಬೇರೆ. ಆ ಜೀಪು ಓಡಾಡುವಷ್ಟು ದಿನ ನನ್ನ ಹೆಸರೂ ಅದರ ಜೊತೆ ಓಡಾಡುತ್ತಿತ್ತು. ಅದನ್ನು ಬಿಚ್ಚಿ ಮಾಮೂಲಿ ಜೀಪು ಮಾಡಲು ಮನಸ್ಸು ಬರಲಿಲ್ಲ. ಈ ಮಾತನ್ನು ನಾನು ಆಗ ಯಾರಿಗೂ ಹೇಳಲಿಲ್ಲ.

ದೀಪಾವಳಿಗೆ ಸ್ವಲ್ಪ ಮೊದಲು, ಏಲಕ್ಕಿ ತುಂಬಿಕೊಂಡು ಮಾಕುಟ್ಟದಿಂದ ಪೆರುಂಬಾಡಿಯ ಕಡೆ ಘಾಟಿ ಹತ್ತುವಾಗ, ಟಾರು ರಸ್ತೆಯ ಒಂದು ತಿರುವಿನಲ್ಲಿ ಹಿಂದಿನ ಬಲ ಆಕ್ಸಲ್ ಕಡಿಯಿತು. ಚಕ್ರ ಜೀಪನ್ನು ಬಿಟ್ಟು ತಾನೇ ಮುಂದಕ್ಕೆ ಹೋಯಿತು. ಕಣಿವೆಯ ಕಡೆಗೆ ವಾಲಿದ್ದರೆ ಏನಾಗುತ್ತಿತ್ತೋ. ಐತಪ್ಪ ಸ್ಟೇರಿಂಗನ್ನು ಗುಡ್ಡದ ಕಡೆಗೆ ಎಳೆದುಕೊಂಡ. ಜೀಪು ಚರಂಡಿಗೆ ಇಳಿದು ಮಗುಚಿತು. ಅವನ ಎಡಗಾಲು ಕೆಳಗೆ ಸಿಕ್ಕಿತು.

ಸುದ್ದಿ ಬಂದಾಗ ನಾನೂ ಮೇಸ್ತ್ರಿಯೂ ಮರ ಸಾಗಿಸುವ ಒಂದು ಲಾರಿ ಹಿಡಿದು ಹೋದೆವು. ಐತಪ್ಪನನ್ನು ಅಷ್ಟರಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಮೇಸ್ತ್ರಿ ಚರಂಡಿಗೆ ಇಳಿದು ಕಡಿದ ಆಕ್ಸಲ್ಲಿನ ತುದಿಯನ್ನು ಒರೆಸಿ, “ಬಾ, ನೋಡು” ಎಂದರು. ಕಬ್ಬಿಣ ಕಡಿದ ಮುಖವನ್ನು ಓದಲು ಅವರೇ ಕಲಿಸಿದ್ದರು. ನಡುವೆ ಒಂದು ಬೆರಳಿನಷ್ಟು ಜಾಗ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಸುತ್ತಲಿನ ಅಂಚೆಲ್ಲ ಕಪ್ಪಾಗಿ, ಸವೆದು ನುಣುಪಾಗಿತ್ತು. ಅಂದರೆ ಬಿರುಕು ಅವತ್ತು ಬಿಟ್ಟದ್ದಲ್ಲ. ವಾರಗಟ್ಟಲೆ ಪ್ರತಿ ತಿರುವಿನಲ್ಲೂ ಇಷ್ಟಿಷ್ಟೇ ಒಳಗೆ ಹೋಗಿ, ಕೊನೆಗೆ ಆ ಬೆರಳಿನಷ್ಟು ಕಬ್ಬಿಣ ಇಡೀ ಜೀಪನ್ನು ಹೊತ್ತಿತ್ತು. ಐತಪ್ಪ ‘ಕಟಕಟ’ ಎಂದದ್ದು ಅದನ್ನೇ.

“ವೆಲ್ಡ್ ಮಾಡಿದ್ದು ತಪ್ಪಲ್ಲ” ಎಂದರು ಮೇಸ್ತ್ರಿ. “ಆ ಅಕ್ಕಿ ಮೇಲೆ ಹೋಗಬೇಕಿತ್ತು. ತೆಗೆಯದೆ ಬಿಟ್ಟೆಯಲ್ಲ, ಅದು.”

ಅದಕ್ಕಿಂತ ಹೆಚ್ಚು ಅವರು ಎಂದೂ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಐತಪ್ಪ ಕಾಲಿಗೆ ಪಟ್ಟಿ ಬಿಗಿಸಿಕೊಂಡು ಮಲಗಿದ್ದ. ಮುತ್ತವ್ವ ಪಕ್ಕದ ಸ್ಟೂಲಿನ ಮೇಲಿದ್ದರು. ವೆಲ್ಡ್ ಮಾಡಲು ಒಪ್ಪಿದ್ದು ತಾನು ಎಂದು ಅವರು ಶುರುಮಾಡಿದರು. ನಾನು ತಡೆದೆ.

“ಐತಪ್ಪ, ನೀನು ಎರಡು ಸಲ ಬಂದಿದ್ದೆ. ನಾನೇ ವಾಪಸ್ ಕಳಿಸ್ದೆ. ಕೆಲಸ ಜಾಸ್ತಿ ಅಂತಲ್ಲ. ಹೆಸರು ಹೋಯ್ತದೆ ಅಂತ.”

ಅವನು ಗೋಡೆಯ ಕಡೆಗೆ ತಿರುಗಿದ. “ನೀವು ಈಗ ಹೋಗಿ” ಎಂದ. ನಾನು ಹೋದೆ.

ಅಲ್ಲಿಂದ ನೇರವಾಗಿ ಉಳಿದ ಎರಡು ಎಸ್ಟೇಟುಗಳಿಗೆ ಹೋದೆ. ಒಬ್ಬ ಮಾಲೀಕರು, ತಮ್ಮ ಜೀಪು ಚೆನ್ನಾಗಿಯೇ ಓಡುತ್ತಿದೆ, ಮುಟ್ಟಬೇಡ ಎಂದರು. ಕಡಿದ ಆಕ್ಸಲ್ಲಿನ ತುಂಡು ನನ್ನ ಚೀಲದಲ್ಲಿತ್ತು. ಅವರ ಊಟದ ಮೇಜಿನ ಮೇಲೆ ಇಟ್ಟೆ. ಸಂಜೆಯೊಳಗೆ ಎರಡೂ ಗುಂಡುಗಳನ್ನು ಬಿಚ್ಚಿ ತಂದೆ.

ಐತಪ್ಪನ ಕಾಲು ಕೂಡಿತು, ಆದರೆ ಮಂಡಿ ಮಡಚುವುದು ನಿಂತಿತು. ಕ್ಲಚ್ ಒತ್ತಲು ಆಗುವಂತಿರಲಿಲ್ಲ. ಮುತ್ತವ್ವ ಅವನನ್ನು ಬಿಡಲಿಲ್ಲ. ಕಣದ ಉಸ್ತುವಾರಿ ಕೊಟ್ಟರು. ಜೀಪು ಬಂದರೆ ಅವನು ಎದ್ದು ಆಚೆ ಹೋಗುತ್ತಿದ್ದ ಎಂದು ಅವರೇ ನನಗೆ ಹೇಳಿದರು.

ಮುಂದಿನ ಮಳೆಗಾಲ ಬರುವುದರೊಳಗೆ ಮಲೆಗೆ ಒಂದು ದಾರಿ ಆಗಲೇಬೇಕಿತ್ತು. ಮಾಮೂಲಿ ಗುಂಡು ಹತ್ತುವುದಿಲ್ಲ, ವೆಲ್ಡ್ ಮಾಡಿದ್ದು ಬೇಡ. ನಡುವಿನದೊಂದು ಇದೆ ಎಂದು ಕೇಳಿದ್ದೆ. ಮದರಾಸಿನ ಗುಜರಿಯಲ್ಲಿ ಒಂದು ವಾರ ಸುತ್ತಾಡಿ ಅದನ್ನು ಹಿಡಿದೆ. ಹೊರಗಿನಿಂದ ನಮ್ಮ ಗುಂಡಿನ ಹಾಗೆಯೇ. ಒಳಗೆ ಗೇರುಗಳ ಎರಡೂ ಪಕ್ಕ ತೆಳುವಾದ ಉಕ್ಕಿನ ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ತಿರುವಿನಲ್ಲಿ ಬಿಲ್ಲೆಗಳು ಜಾರಿ ಚಕ್ರಗಳನ್ನು ಬೇರೆಬೇರೆಯಾಗಿ ಓಡಲು ಬಿಡುತ್ತವೆ. ಕೆಸರಿನಲ್ಲಿ ಒಂದು ಚಕ್ರ ಸುಮ್ಮನೆ ತಿರುಗಲು ಹೊರಟರೆ ಹಿಡಿದುಕೊಳ್ಳುತ್ತವೆ. ಎಷ್ಟು ಬಿಗಿಯಿರಬೇಕು ಎನ್ನುವುದೇ ಪ್ರಶ್ನೆ. ಅದರ ಜೊತೆ ಪುಸ್ತಕ ಬಂದಿರಲಿಲ್ಲ.

ಜೀಪನ್ನು ಪೊನ್ನಂಪೇಟೆಯ ಅವರ ಕಣದ ಪಕ್ಕದಲ್ಲೇ ಎತ್ತಿ ನಿಲ್ಲಿಸಿದೆ. ಒಂದು ಚಕ್ರ ನೆಲದ ಮೇಲೆ, ಇನ್ನೊಂದು ಗಾಳಿಯಲ್ಲಿ. ಗಾಳಿಯ ಚಕ್ರಕ್ಕೆ ಉದ್ದದ ಕಬ್ಬಿಣದ ಪಟ್ಟಿ ಕಟ್ಟಿ, ಅದರ ತುದಿಯನ್ನು ಕಾಫಿ ತೂಗುವ ಕೊಕ್ಕೆ ತಕ್ಕಡಿಯಿಂದ ಎಳೆಯುವುದು. ಬಿಲ್ಲೆ ಜಾರಿ ಚಕ್ರ ತಿರುಗುವ ಗಳಿಗೆಯಲ್ಲಿ ಮುಳ್ಳು ಎಲ್ಲಿದೆ ಎಂದು ನೋಡುವುದು. ಮೊದಲು ತೀರಾ ಬಿಗಿಯಾಗಿ ಕೂರಿಸಿದೆ. ತಿರುವಿನಲ್ಲಿ ಜೀಪು ನಡುಗಿತು, ವೆಲ್ಡಿನ ತಮ್ಮನೇ ಸರಿ. ಶಿಮ್ ತೆಗೆದೆ. ಸಡಿಲವಾಯಿತು, ಒದ್ದೆ ಹುಲ್ಲಿನ ಮೇಲೇ ಚಕ್ರ ಗಿರಕಿ ಹೊಡೆಯಿತು. ಎಣ್ಣೆಯನ್ನೂ ಮೂರು ಸಲ ಬದಲಾಯಿಸಿದೆ. ದಪ್ಪ ಎಣ್ಣೆಯಲ್ಲಿ ಬಿಲ್ಲೆಗಳು ಕಿರುಚುತ್ತಿದ್ದವು, ತೆಳುವಾದದ್ದರಲ್ಲಿ ಸುಮ್ಮನಾದವು.

ನಾಲ್ಕನೆಯ ದಿನ ತಕ್ಕಡಿ ಎಳೆಯುತ್ತಿರುವಾಗ ಹಿಂದಿನಿಂದ ಮಾತು ಬಂತು. “ಒಂದೇ ಕಡೆ ತೂಗಿದರೆ ಹೇಗೆ ಗೊತ್ತಾಗ್ತದೆ? ಆಚೆಯದನ್ನೂ ನೋಡ್ಬೇಕಲ್ಲ.”

ಐತಪ್ಪ ಕೋಲೂರಿ ನಿಂತಿದ್ದ. ಅವನು ನನ್ನೊಡನೆ ಮಾತಾಡಿ ಎಂಟು ತಿಂಗಳಾಗಿತ್ತು.

ಆಚೆಯದನ್ನು ತೂಗಿದೆ. ಮುಳ್ಳು ಬೇರೆ ಕಡೆ ನಿಂತಿತು. ಎಡಗಡೆಯ ಒಂದು ಬಿಲ್ಲೆ ಸೊಟ್ಟಗಿತ್ತು. ಆಮೇಲೆ ಅವನೇ ತಕ್ಕಡಿಯ ಮುಳ್ಳು ಓದಿದ, ನಾನು ಎಳೆದೆ. ಎರಡು ದಿನ ಹೀಗೆ ನಡೆಯಿತು. ಕೆಲಸ ಬಿಟ್ಟು ಬೇರೆ ಮಾತು ಇಬ್ಬರೂ ಆಡಲಿಲ್ಲ. ಕೊನೆಗೆ ಎರಡೂ ಕಡೆ ಮುಳ್ಳು ಒಂದೇ ಗೆರೆಗೆ ಬಂದಾಗ ಅವನು, “ಇದು ಸಾಕು ಅಂತ ಕಾಣ್ತದೆ” ಎಂದ.

ಆಷಾಢ ಬಂತು. ಮೊದಲ ಸಲ ಮಲೆಗೆ ಜೀಪು ನಾನೇ ಓಡಿಸುವುದೆಂದು ಮೊದಲೇ ಹೇಳಿದ್ದೆ. ನಾನು ಕೂರಿಸಿದ್ದರ ಮೇಲೆ ಬೇರೆಯವರನ್ನು ಕೂರಿಸಿ ಕಳಿಸುವ ಧೈರ್ಯ ನನಗಿರಲಿಲ್ಲ. ಮುತ್ತವ್ವ ಅಕ್ಕಿ ಹೊರಿಸುತ್ತಾ, “ದಾರಿ ನಿಂಗೆ ಗೊತ್ತಿಲ್ಲ” ಎಂದರು. “ಗೊತ್ತಿರುವವನು ಒಬ್ಬನೇ.”

ಐತಪ್ಪ ಕಣದಿಂದ ನೋಡುತ್ತಿದ್ದ. ಯಾರೂ ಅವನನ್ನು ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಕುಂಟುತ್ತಾ ಬಂದು, ಕೋಲನ್ನು ಸೀಟಿನ ಹಿಂದೆ ಹಾಕಿ, ಮಡಚದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡು ಪಕ್ಕದಲ್ಲಿ ಕೂತ.

“ಅಡಿಯಿಂದ ನೀವೇ ಬಿಚ್ಚಿ ನೋಡಿದ್ರಾ? ನಿನ್ನೆ?”

“ನಿನ್ನೆನೂ ನೋಡ್ದೆ. ಇವತ್ತು ಬೆಳಿಗ್ಗೆನೂ ನೋಡ್ದೆ.”

“ಹಾಗಾದರೆ ಹೋಗುವ.”

ದಾರಿಯುದ್ದಕ್ಕೂ ಅವನ ಎರಡೂ ಕೈಗಳು ಮುಂದಿನ ಸರಳನ್ನು ಬಿಗಿಯಾಗಿ ಹಿಡಿದಿದ್ದವು. ಜೇಡಿಯ ಏರಿನಲ್ಲಿ ಮಾತ್ರ ಒಂದು ಕೈ ಬಿಟ್ಟು ದಾರಿ ತೋರಿಸಿದ. “ಬಲಕ್ಕೆ. ಕಲ್ಲಿನ ಮೇಲೆ ಹತ್ತಿಸಿ. ಈಗ ನಿಲ್ಲಿಸಬೇಡಿ.” ಬೆಣ್ಣೆಯಂಥ ಜಾಗದಲ್ಲಿ ಎಡ ಚಕ್ರ ಒಮ್ಮೆ ಗಿರಕಿ ಹೊಡೆಯಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಳಗಿನ ಬಿಲ್ಲೆಗಳು ಹಿಡಿದುಕೊಂಡದ್ದು ಸೀಟಿನಲ್ಲೇ ಗೊತ್ತಾಯಿತು. ಬಲ ಚಕ್ರ ಒದ್ದಿತು, ಜೀಪು ಮೇಲೆ ಬಂತು. ವೆಲ್ಡಿನ ಜೀಪಿನ ಹಾಗೆ ಆರ್ಭಟವಿಲ್ಲ. ಹತ್ತಿದ್ದೇ ಗೊತ್ತಾಗದ ಹಾಗೆ ಹತ್ತಿತು.

ಅಕ್ಕಿ ಇಳಿಸಿ, ಲೈನಿನವರು ಕೊಟ್ಟ ಕರಿಕಾಫಿ ಕುಡಿದು ಕೆಳಗಿಳಿದೆವು. ಟಾರು ರಸ್ತೆ ಸಿಕ್ಕಿತು. ಘಾಟಿಯಲ್ಲಿ ಒಂದರ ಹಿಂದೆ ಒಂದು ತಿರುವು. ನಾನು ಕಿವಿಯನ್ನೆಲ್ಲ ಹಿಂದಿನ ಆಕ್ಸಲ್ಲಿಗೆ ಕೊಟ್ಟು, ಒಂದೊಂದು ತಿರುವನ್ನೂ ಎಣಿಸಿದಂತೆ ದಾಟುತ್ತಿದ್ದೆ. ಅವನ ಜೀಪು ಮಗುಚಿದ ಜಾಗವೂ ದಾಟಿತು. ಏನಾದರೂ ಹೇಳಬೇಕೆಂದು ಬಹಳ ಹೊತ್ತಿನಿಂದ ಮಾತು ಜೋಡಿಸಿಕೊಂಡಿದ್ದೆ. ಪೆರುಂಬಾಡಿ ಹತ್ತಿರ ಬಂದಾಗ ಧೈರ್ಯ ಮಾಡಿ, “ಐತಪ್ಪ” ಎಂದೆ.

ತಿರುಗಿ ನೋಡಿದೆ. ಸರಳು ಹಿಡಿದಿದ್ದ ಕೈಗಳು ಸಡಿಲವಾಗಿ ಮಡಿಲಿಗೆ ಬಿದ್ದಿದ್ದವು. ತಲೆ ಪಕ್ಕಕ್ಕೆ ವಾಲಿ, ಬಾಯಿ ಅರ್ಧ ತೆರೆದು, ಐತಪ್ಪ ಗಾಢವಾಗಿ ನಿದ್ದೆ ಹೋಗಿದ್ದ.

ನಾನು ಇನ್ನೊಮ್ಮೆ ಕರೆಯಲಿಲ್ಲ. ಗೇರು ಒಂದು ಇಳಿಸಿ, ರಸ್ತೆಯ ಗುಂಡಿಗಳನ್ನು ತಪ್ಪಿಸುತ್ತಾ, ಅವನಿಗೆ ಎಚ್ಚರವಾಗದ ಹಾಗೆ ಪೊನ್ನಂಪೇಟೆಯವರೆಗೂ ಓಡಿಸಿಕೊಂಡು ಬಂದೆ.